ಮೋಟಾರ್‌ಹೋಮ್‌ನ ಗ್ಯಾಸ್ ಒಲೆಯ ಕಿಡಿ: ಒಂದು ಸ್ಪಷ್ಟನೆ

ಮೋಟಾರ್‌ಹೋಮ್‌ನ (ಮನೆಯಂತೆ ವಾಸಿಸಬಹುದಾದ ವಾಹನ) ಗ್ಯಾಸ್ ಒಲೆಯಲ್ಲಿ ಕಿಡಿ ಬಾರದಿದ್ದರೆ ಇಡೀ ಒಲೆಯನ್ನೇ ಬದಲಿಸಬೇಕೆಂಬ ಮಾತು ಹರಿದಾಡುತ್ತಿದೆ, ಇದು ಸರಿಯಲ್ಲ. ಕಿಡಿಯು ಪಿಂಗಾಣಿ ಹೊದಿಕೆಯ ಎಲೆಕ್ಟ್ರೋಡ್‌ನ (ಕಿಡಿ ಹಾರಿಸುವ ಲೋಹದ ಕಡ್ಡಿ) ತುದಿಯಿಂದ ಬರ್ನರ್‌ಗೆ ಕೆಲವೇ ಮಿಲಿಮೀಟರ್ ಅಂತರವನ್ನು ಜಿಗಿಯಬೇಕಾದ್ದರಿಂದ, ತುದಿಗೆ ಜಿಡ್ಡು ಅಥವಾ ತೇವ ಅಂಟಿದ್ದರೂ, ಪಿಂಗಾಣಿ ಬಿರುಕುಬಿಟ್ಟಿದ್ದರೂ, ವಾಹನದ ಕುಲುಕಾಟಕ್ಕೆ ತಂತಿ ಸಡಿಲಗೊಂಡಿದ್ದರೂ ಅದು ತಪ್ಪಿಹೋಗುತ್ತದೆ. ಬ್ಯಾಟರಿಯಿಂದ ನಡೆಯುವ ಇಗ್ನೈಟರ್ (ಕಿಡಿ ಹೊತ್ತಿಸುವ ಸಾಧನ) ಆಗಿದ್ದರೆ ಮೊದಲು ಬ್ಯಾಟರಿಯನ್ನೇ ಬದಲಿಸಿ ನೋಡಬೇಕು. ನಾಬ್ ಬಿಟ್ಟೊಡನೆ ಜ್ವಾಲೆ ಆರುವುದು ಸಾಮಾನ್ಯವಾಗಿ ಥರ್ಮೋಕಪಲ್‌ನ (ಜ್ವಾಲೆಯ ಶಾಖವನ್ನು ಗ್ರಹಿಸಿ ಗ್ಯಾಸ್ ಹರಿಯುವಂತೆ ಇಡುವ ಸಂವೇದಕ) ದೋಷ, ಇಗ್ನೈಟರ್‌ನದಲ್ಲ.

ಕಿಡಿ ಬರುವವರೆಗೂ ಗ್ಯಾಸ್ ತೆರೆದಿಟ್ಟು ಗುಂಡಿ ಒತ್ತುತ್ತಿರಬೇಕೆಂಬ ಸಲಹೆಯಂತೂ ನಿಜಕ್ಕೂ ಅಪಾಯಕಾರಿ: ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಇಕ್ಕಟ್ಟಾದ ವಾಹನದ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಸಿಲಿಂಡರಿನ ವಾಲ್ವ್ ಮುಚ್ಚಿ, ಬಾಗಿಲು ತೆರೆದಿಟ್ಟು, ಒಲೆ ತಣ್ಣಗಾದ ಬಳಿಕವೇ ಎಲೆಕ್ಟ್ರೋಡ್ ಮುಟ್ಟಬೇಕು.