ಬಾಣಂತಿ ಕೋಣೆಯಿಂದ ಆಚೆ ಇರಬೇಕಾದವರು ಯಾರು?

ಹಾಸನ, ಚಿಕ್ಕಮಗಳೂರು ಕಡೆಯ ತುಂಬಿದ ಮನೆಗಳಿಗೆ ಎಳೆಕೂಸು ಬರುವ ಹೊತ್ತಿಗೆ ಯಾರಿಗಾದರೂ ಒಬ್ಬರಿಗೆ ನೆಗಡಿಯೋ ಜ್ವರವೋ ಇದ್ದೇ ಇರುತ್ತದೆ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆಯಂತೂ ಕೇಳುವುದೇ ಬೇಡ. ಆಗ ನಡೆಯುವುದನ್ನು ಗಮನಿಸಿ. ಬಾಣಂತಿಗೆ ಸ್ವಲ್ಪ ಮೈ ಬಿಸಿಯಾದರೂ ಸಾಕು, ಮಗುವನ್ನು ಎತ್ತಿ ಅಜ್ಜಿಯ ಮಗ್ಗುಲಿಗೆ ಹಾಕಿ ಬಾಟಲಿ ಹಾಲು ಶುರು ಮಾಡುತ್ತಾರೆ. ಅದೇ ಅಜ್ಜಿ ರಾತ್ರಿಯೆಲ್ಲ ಕೆಮ್ಮಿದರೆ ಯಾರೂ ಸೊಲ್ಲೆತ್ತುವುದಿಲ್ಲ. ನನ್ನ ತಕರಾರು ಇದೇ: ಮಗುವಿನ ಹತ್ತಿರ ಇರಬೇಕಾದವಳನ್ನು ನಾವು ದೂರ ಇಡುತ್ತೇವೆ, ದೂರ ಇರಬೇಕಾದವರ ಕೈಗೆ ಮಗು ಕೊಡುತ್ತೇವೆ.

ನಾನಿರುವ ಇಂಗ್ಲೆಂಡಿನಲ್ಲಿ ಇದು ತಲೆಕೆಳಗು. ಜ್ವರವಿದ್ದರೂ ತಾಯಿಯೇ ಹಾಲೂಡಿಸಬೇಕು ಎಂದು ಸೂಲಗಿತ್ತಿ ನರ್ಸ್ ಮನೆಗೇ ಬಂದು ಹೇಳಿಹೋಗುತ್ತಾಳೆ. ಕೆಮ್ಮುವ ಅಜ್ಜಿಗೆ ಮಾತ್ರ ಮಗಳೇ ಫೋನಿನಲ್ಲಿ ‘ಈ ವಾರ ಬರಬೇಡಮ್ಮ’ ಎಂದುಬಿಡುತ್ತಾಳೆ, ಅದಕ್ಕೆ ಅಜ್ಜಿ ಬೇಸರಪಟ್ಟುಕೊಳ್ಳುವುದೂ ಇಲ್ಲ. ನಮ್ಮಲ್ಲಿ ಹಾಗಂದರೆ ಮುಂದಿನ ಮದುವೆಮನೆಯವರೆಗೂ ಅದೇ ಮಾತು. ಆದ್ದರಿಂದ ಬೇಡ ಅನ್ನುವ ಕೆಲಸ ಬಾಣಂತಿಯದಾಗಬಾರದು. ಮನೆಯ ಹಿರಿಯರೊಬ್ಬರು ಜಗಲಿಯಲ್ಲೇ ಬಂದವರನ್ನು ಕೂರಿಸಿ, ‘ಡಾಕ್ಟರು ಮಗೀನ ಯಾರ ಕೈಗೂ ಕೊಡಬ್ಯಾಡಿ ಅಂದವ್ರೆ ಕಣಕ್ಕ, ಕಾಫಿ ಕುಡೀರಿ’ ಅಂದರೆ ಮುಗಿಯಿತು. ಡಾಕ್ಟರ ಮೇಲೆ ಹಾಕಿದರೆ ಯಾರಿಗೂ ಮುನಿಸಿಲ್ಲ.

ಹಾಗಂತ ಅಲ್ಲಿಯದೇ ಮೇಲು ಅನ್ನುವ ಹಾಗೂ ಇಲ್ಲ. ಅಲ್ಲಿ ಗಂಡ ಹೆಂಡತಿ ಇಬ್ಬರೂ ಮಲಗಿದರೆ ಗಂಜಿ ಕಾಯಿಸುವವರಿಲ್ಲ. ಕಾನೂನಿನಂತೆ ಅಪ್ಪನಿಗೆ ಸಿಗುವ ರಜೆ ಎರಡೇ ವಾರ. ನಮ್ಮಲ್ಲಿ ಚಿಕ್ಕಮ್ಮ, ಅತ್ತಿಗೆ, ಪಕ್ಕದ ಮನೆಯವರು ಎಂದು ಕೈಗಳಿಗೆ ಬರವಿಲ್ಲ. ಪುರುಡಿನ ಕಟ್ಟಳೆಯಂತೂ ಮೊದಲೇ ಇದೆ: ಬೇರೆ ಕೋಣೆ, ಬೇರೆ ಪಾತ್ರೆ, ಮುಟ್ಟಿದರೆ ಸ್ನಾನ, ಹನ್ನೊಂದು ದಿನ. ಪುರುಡಿನಲ್ಲಿ ಬಾಣಂತಿಯಿಂದ ಮನೆಯವರಿಗೆ ಮೈಲಿಗೆ ಎಂಬ ಲೆಕ್ಕವಿದೆ. ಅದನ್ನು ತಿರುಗಿಸಿ, ಮನೆಯವರಿಂದ ಮಗುವಿಗೆ ಎಂದು ಇಟ್ಟುಕೊಂಡರೆ ಆಸ್ಪತ್ರೆಯವರು ಹೇಳುವ ಪ್ರತ್ಯೇಕ ವ್ಯವಸ್ಥೆಯೇ ಆಗುತ್ತದೆ. ಹೊಸದಾಗಿ ಕಲಿಯುವುದೇನೂ ಇಲ್ಲ.

ಆಸ್ಪತ್ರೆಯಿಂದ ಹೊರಡುವ ಹಿಂದಿನ ದಿನವೇ ಮನೆಯಲ್ಲಿ ಕೆಲಸ ಹಂಚಿಕೊಳ್ಳಬೇಕು. ಗಟ್ಟಿಮುಟ್ಟಾಗಿರುವ ಒಬ್ಬರು ಬಾಣಂತಿ ಕೋಣೆಗೆ, ಇನ್ನೊಬ್ಬರು ಹುಷಾರಿಲ್ಲದವರಿಗೆ. ಎರಡೂ ಒಬ್ಬರದೇ ಆಗಬಾರದು. ಎಡವಟ್ಟಾಗುವುದು ಇಲ್ಲೇ. ಅಪ್ಪನಿಗೆ ಕಷಾಯ ಕೊಟ್ಟು, ಅವರ ಟವೆಲ್ ಹಿಂಡಿ ಹಾಕಿ, ಅದೇ ಕೈಯಲ್ಲಿ ಹೋಗಿ ಮಗುವಿನ ಬಟ್ಟೆ ಬದಲಿಸುವ ಅಕ್ಕ ಮನೆಮನೆಯಲ್ಲೂ ಇದ್ದಾಳೆ. ಆಕೆಗೆ ಕೆಮ್ಮಿಲ್ಲ, ಹಾಗಾಗಿ ಅನುಮಾನವೂ ಬರುವುದಿಲ್ಲ. ಕೋಣೆಯ ಬಾಗಿಲಲ್ಲೇ ಸೋಪು ನೀರು ಇಟ್ಟು 20 ಸೆಕೆಂಡ್ ಕೈ ತೊಳೆಯಬೇಕು, ಉಂಗುರ ಬಳೆ ಸರಿಸಿ. ಫೋನು ಹೊರಗೇ ಇರಲಿ. ವಾಂತಿಭೇದಿಯ ಮನೆಯಾದರೆ ಸ್ಯಾನಿಟೈಸರ್ ನಂಬಬೇಡಿ, ಆ ವೈರಸ್ಸುಗಳಲ್ಲಿ ಕೆಲವು ಅದಕ್ಕೆ ಸರಿಯಾಗಿ ಸಾಯುವುದಿಲ್ಲ. ಸೋಪೇ ಬೇಕು.

ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡಲು ಶುರುಮಾಡಿ ಐದರಿಂದ ಏಳು ದಿನ ಹರಡುತ್ತಾರೆ, ಚಿಕ್ಕ ಮಕ್ಕಳು ಇನ್ನೂ ಹೆಚ್ಚು ದಿನ. ಮಾತ್ರೆ ನುಂಗಿ ಜ್ವರ ಇಳಿದಿದ್ದನ್ನು ವಾಸಿ ಎಂದು ಎಣಿಸಬಾರದು. ಅಂಗನವಾಡಿಗೋ ಎಲ್‌ಕೆಜಿಗೋ ಹೋಗುವ ದೊಡ್ಡ ಮಗುವೇ ಹೆಚ್ಚಾಗಿ ರೋಗ ತರುವುದು. ಅದನ್ನು ಪೂರ್ತಿ ದೂರ ಇಡಲು ಆಗುವುದಿಲ್ಲ, ಇಡಲೂಬಾರದು. ಸ್ಕೂಲಿನಿಂದ ಬಂದಕೂಡಲೇ ಯೂನಿಫಾರಂ ಬಿಚ್ಚಿ, ಕೈ ಮುಖ ತೊಳೆಸಿ, ಪಾಪುವಿನ ಪಾದ ಮಾತ್ರ ಮುಟ್ಟಲು ಬಿಡಿ. ಕೈ ಮುಟ್ಟಿದರೆ ಆ ಕೈ ಪಾಪುವಿನ ಬಾಯಿಗೇ ಹೋಗುತ್ತದೆ. ಮುತ್ತು ಯಾರದೂ ಬೇಡ. ತುಟಿಯ ಮೇಲೆ ನೀರುಗುಳ್ಳೆ ಎದ್ದವರದಂತೂ ಖಂಡಿತ ಬೇಡ, ಆ ಹರ್ಪಿಸ್ ವೈರಸ್ ಎಳೆಗೂಸಿನ ಮೆದುಳಿಗೆ ಏರಬಲ್ಲದು.

ಈಗ ತಾಯಿಗೇ ನೆಗಡಿ ಜ್ವರ ಎಂದುಕೊಳ್ಳಿ. ಲಕ್ಷಣ ಕಾಣುವ ಮೊದಲೇ ಆಕೆಯ ಉಸಿರು ಮಗುವಿಗೆ ತಾಗಿಯಾಗಿದೆ. ಈಗ ಅಗಲಿಸಿದರೆ ತಪ್ಪಿಹೋಗುವುದು ಎದೆಹಾಲಿನಲ್ಲಿ ಬರುವ, ರೋಗ ತಡೆಯುವ ಪ್ರತಿಕಾಯಗಳು ಮಾತ್ರ. ಮಾಸ್ಕ್ ಹಾಕಿ, ಕೈ ತೊಳೆದು ಹಾಲೂಡಿಸಲಿ. ಮಾಸ್ಕ್ ಒದ್ದೆಯಾದರೆ ಬದಲಿಸಲಿ, ಮಗುವಿಗೆ ಮಾತ್ರ ಎಂದೂ ಹಾಕಬೇಡಿ. ಪ್ರತಿ ಸಲ ಎದೆ ತೊಳೆಯಬೇಕಿಲ್ಲ, ನೇರ ಎದೆಯ ಮೇಲೆ ಕೆಮ್ಮಿದ್ದರೆ ಮಾತ್ರ. ಜ್ವರಕ್ಕೆ ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಹಾಲಿಗೆ ದೋಷವಿಲ್ಲ. ಎದ್ದು ಕೂರಲು ತ್ರಾಣವಿಲ್ಲದಿದ್ದರೆ ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಬಹುದು. ಒಳಲೆಯನ್ನು ಬಾಟಲಿಗಿಂತ ಸುಲಭವಾಗಿ ಉಜ್ಜಿ ತೊಳೆಯಬಹುದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿದರೆ ಸಾಕು. ನವಜಾತ ಶಿಶು ಘಟಕಗಳಲ್ಲೂ ಅದನ್ನೇ ಬಳಸುತ್ತಾರೆ. ಹಿಂಡಿದ ಹಾಲು ಕೋಣೆಯ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡುವುದಿಲ್ಲ.

ಎಲ್ಲ ಕಾಯಿಲೆಗೂ ಒಂದೇ ನಿಯಮ ಸಾಲದು. ಮನೆಯಲ್ಲಿ ದೊಡ್ಡ ಮಗುವಿಗೆ ‘ಅಮ್ಮ’ ಆಗಿದ್ದರೆ, ಅಂದರೆ ಚಿಕನ್ ಪಾಕ್ಸ್ ಬಂದಿದ್ದರೆ, ಬೇವಿನ ಸೊಪ್ಪು ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆ ಒಂದೇ: ಬಾಣಂತಿಗೆ ಚಿಕ್ಕಂದಿನಲ್ಲಿ ಅದು ಆಗಿತ್ತೇ? ಆಗಿದ್ದರೆ ಆಕೆಯ ರಕ್ಷಣೆ ಹೊಟ್ಟೆಯಲ್ಲಿದ್ದಾಗಲೇ ಮಗುವಿಗೂ ಬಂದಿರುತ್ತದೆ. ದಿನ ತುಂಬಿ ಹುಟ್ಟಿದ ಮಗುವಾದರೆ ಅಷ್ಟು ಭಯವಿಲ್ಲ, ದೊಡ್ಡದನ್ನು ಬೇರೆ ಕೋಣೆಯಲ್ಲಿಟ್ಟರೆ ಸಾಕು. ಆಗಿಲ್ಲವೆಂದರೆ ಡಿಸ್ಚಾರ್ಜ್ ಮುಂಚೆಯೇ ಡಾಕ್ಟರಿಗೆ ತಿಳಿಸಿ, ದೊಡ್ಡ ಮಗುವಿನ ಎಲ್ಲ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟುವವರೆಗೆ ಬಾಣಂತಿ, ಪಾಪು ಬೇರೆ ಮನೆಯಲ್ಲಿರುವುದು ಒಳ್ಳೆಯದು. ಹೆರಿಗೆಗೆ ಐದು ದಿನ ಮುಂಚಿನಿಂದ ಎರಡು ದಿನ ಆಚೆಗಿನವರೆಗೆ ತಾಯಿಗೇ ಗುಳ್ಳೆ ಎದ್ದರೆ ಅದು ಮಗುವಿನ ಜೀವಕ್ಕೆ ಅಪಾಯ, ಆಸ್ಪತ್ರೆಯಲ್ಲೇ ಪ್ರತಿಕಾಯದ ಇಂಜೆಕ್ಷನ್ ಕೇಳಬೇಕು. ಎರಡು ವಾರ ದಾಟಿದ ಅಜ್ಜನ ಕೆಮ್ಮನ್ನು ಬೀಡಿಯ ಕೆಮ್ಮು ಎಂದು ತಳ್ಳಿಹಾಕದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಕ್ಷಯವಾಗಿದ್ದರೆ ಮಗುವಿಗೂ ಮುನ್ನೆಚ್ಚರಿಕೆಯ ಔಷಧ ಬೇಕಾಗುತ್ತದೆ. ಡೆಂಗಿ ಬಂದವರಿದ್ದರೆ ತೊಟ್ಟಿಲಿಗೆ ಮಾತ್ರವಲ್ಲ, ರೋಗಿಗೂ ಸೊಳ್ಳೆಪರದೆ ಕಟ್ಟಿ, ಹಗಲಿನಲ್ಲೂ. ಆ ಸೊಳ್ಳೆ ಕಚ್ಚುವುದು ಹಗಲಲ್ಲೇ, ರೋಗಿಯಿಂದಲೇ ವೈರಸ್ ಎತ್ತಿಕೊಂಡು ಹೋಗುವುದು.

ನಾಯಿಕೆಮ್ಮಿನ ವಿಷಯದಲ್ಲಿ ಮಾತ್ರ ಇಂಗ್ಲೆಂಡಿನವರು ಸ್ಪಷ್ಟವಾಗಿ ಮುಂದಿದ್ದಾರೆ. ಬಸುರಿಗೇ ಅದರ ಲಸಿಕೆ ಕೊಡುವುದನ್ನು 2012ರಲ್ಲಿ ಶುರುಮಾಡಿದರು, 2024ರಿಂದ ಎಳೆಗೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ಎಂಬ ವೈರಸ್ಸಿನ ಲಸಿಕೆಯನ್ನೂ ಸೇರಿಸಿದ್ದಾರೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಬಸುರಿಗೆ ಕೊಡುವ ಟಿಡಿಯಲ್ಲಿ, ಅಂದರೆ ಧನುರ್ವಾಯು, ಗಂಟಲಮಾರಿಯ ಲಸಿಕೆಯಲ್ಲಿ, ನಾಯಿಕೆಮ್ಮಿನ ಅಂಶವಿಲ್ಲ, ಮಗುವಿಗೆ ಸಿಗುವುದು ಆರನೇ ವಾರದ ಪೆಂಟಾವೇಲೆಂಟ್ ಎಂಬ ಐದು ರೋಗಗಳ ಲಸಿಕೆಯಲ್ಲಿ. ನಡುವಿನ ಆರು ವಾರ ಬರಿದೇ. ನಾಯಿಕೆಮ್ಮಿನ ಅಂಶವೂ ಇರುವ ಟಿಡ್ಯಾಪ್ ಎಂಬ ಲಸಿಕೆ ಖಾಸಗಿಯಾಗಿ ಸಿಗುತ್ತದೆ. ಏಳನೇ ತಿಂಗಳು ಬಿದ್ದಮೇಲೆ ಡಾಕ್ಟರನ್ನು ಕೇಳಿ. ಎಳೆಗೂಸಿಗೆ ನಾಯಿಕೆಮ್ಮು ಬಂದರೆ ಕೆಮ್ಮೇ ಕೇಳದೆ ಉಸಿರು ನಿಂತು ಮೈ ನೀಲಿಯಾಗುವುದೂ ಉಂಟು.

ನಮ್ಮ ಬಾಣಂತನದಲ್ಲಿ ನಾನು ಕೈಬಿಡಿ ಎಂದು ಹೇಳುವುದು ಮುಖ್ಯವಾಗಿ ಹೊಗೆಯನ್ನು. ಮಲೆನಾಡಿನ ಥಂಡಿಗೆ ಕಿಟಕಿ ಮುಚ್ಚಿ, ಕೆಂಡದ ಅಗ್ಗಿಷ್ಟಿಕೆ ಇಟ್ಟು, ಮೇಲೆ ಸಾಂಬ್ರಾಣಿ ಉದುರಿಸಿದರೆ ಆ ಕೋಣೆಯಲ್ಲಿ ವಿಷಾನಿಲ ತುಂಬುತ್ತದೆ, ಮೂಗು ಕಟ್ಟಿದ ಮಗು ಇನ್ನಷ್ಟು ಏದುತ್ತದೆ. ಬೆಚ್ಚಗಿಡಲು ಕುಲಾವಿ, ಕಾಲುಚೀಲ, ತಾಯಿಯ ಎದೆಗೆ ಬರಿಮೈ ತಾಗಿಸಿ ಮೇಲೆ ಕಂಬಳಿ ಸಾಕು. ಬಾಣಂತಿ ನೀರಿಗೆ ಹೋದಾಗ ಕಾಲು ಗಂಟೆ ಕಿಟಕಿ ತೆರೆದು ಗಾಳಿಯಾಡಿಸಿ. ಕಟ್ಟಿದ ಮೂಗಿಗೆ ಎಣ್ಣೆ ಬಿಡಬೇಡಿ, ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯ. ವಿಕ್ಸ್, ಕರ್ಪೂರ, ನೀಲಗಿರಿ ಎಣ್ಣೆ ಯಾವುದೂ ಬೇಡ, ಹಾಲೂಡಿಸುವ ಮುಂಚೆ ಸಲೈನ್ ಹನಿ ಒಂದೊಂದು ಸಾಕು. ನೀರೆರೆಯಲು ಬರುವ ಅಜ್ಜಿಯನ್ನೂ ಮರೆಯಬೇಡಿ. ನಾಲ್ಕು ಮನೆ ಮಕ್ಕಳನ್ನು ಮುಟ್ಟಿ ಬರುವವರು ಅವರು, ಮೂಗಿಗೆ ಬಾಯಿಟ್ಟು ಊದುವವರೂ ಅವರೇ. ಊದುವುದನ್ನು ಬಿಡಿಸಿ, ಅವರಿಗೆ ಕೆಮ್ಮಿದ್ದ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ ಸುಮ್ಮನಿರಿ.

ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು, ಕೈಯಿಟ್ಟು ನೋಡುವುದು ಲೆಕ್ಕಕ್ಕಿಲ್ಲ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸರಿ, ಫ್ಯಾರನ್‌ಹೀಟಿನಲ್ಲಿ 97.7ರಿಂದ 99.5. ಮೇಲೆ ಹೋದರೆ ಹೊದಿಕೆ ಸಡಿಲಿಸಿ ಕಾಲು ಗಂಟೆ ಬಿಟ್ಟು ನೋಡಿ, ಇಳಿಯದಿದ್ದರೆ ಆಸ್ಪತ್ರೆ. 38, ಅಂದರೆ 100.4 ಮುಟ್ಟಿದ್ದರೆ ಕಾಯುತ್ತ ಕೂರುವಂತೆಯೇ ಇಲ್ಲ, ಮನೆಯಲ್ಲಿ ಜ್ವರದ ಡ್ರಾಪ್ಸ್ ಹಾಕುವಂತೆಯೂ ಇಲ್ಲ. ಕೆಳಗಿಳಿದು 35.5ಕ್ಕಿಂತ ಕಡಿಮೆಯಾದರೂ ಅಷ್ಟೇ ಅಪಾಯ. ಮಲಗಿರುವಾಗ ಹೊಟ್ಟೆ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 60 ಮುಟ್ಟಿದರೆ ಇನ್ನೊಮ್ಮೆ ಎಣಿಸಿ, ಮತ್ತೆ ಅಷ್ಟೇ ಬಂದರೆ ಹೊರಡಿ. ಪಕ್ಕೆ ಒಳಗೆ ಎಳೆಯುವುದು, ಹಾಲು ಚೀಪದಿರುವುದು, ಎಬ್ಬಿಸಿದರೂ ಮಂಕಾಗಿರುವುದು ಇದ್ದರೆ ಎಣಿಸುವ ಅಗತ್ಯವೂ ಇಲ್ಲ. ಫೋನು 108ಕ್ಕೆ. ಎಳೆಗೂಸುಗಳ ವಿಶೇಷ ಘಟಕ ಜಿಲ್ಲಾ ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿರುತ್ತದೆ. ಮಂಗಳೂರಿಗೇ ಹೋಗೋಣ ಎಂದುಕೊಂಡಿರುವವರು ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಿದೆಯೇ ಎಂದು ಮೊದಲು ಕೇಳಿಕೊಳ್ಳಿ.

ಮನೆಗೆ ಬಂದು ನೋಡುವವರು ಇಂಗ್ಲೆಂಡಿನಲ್ಲಿ ಮಾತ್ರ ಇದ್ದಾರೆಂದು ತಿಳಿಯಬೇಡಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬಂದು ಮಗುವಿನ ತೂಕ, ಜ್ವರ, ಉಸಿರು ನೋಡಬೇಕು. ತೊಡಕೆಂದರೆ ತಾಯಿ ಕಾರ್ಡ್ ಗಂಡನ ಊರಿನದು, ಬಾಣಂತನ ತವರಿನಲ್ಲಿ. ತವರಿನ ಆಶಾಗೆ ವಿಷಯವೇ ಗೊತ್ತಿರುವುದಿಲ್ಲ. ಡಿಸ್ಚಾರ್ಜ್ ದಿನವೇ ಅವರಿಗೆ ಫೋನ್ ಮಾಡಿ, ಮನೆಯಲ್ಲಿ ಯಾರಿಗೆ ಏನಾಗಿದೆ ಎಂಬುದನ್ನೂ ಹೇಳಿ.

ಇನ್ನು ನಾಮಕರಣ. ಹನ್ನೊಂದನೇ ದಿನ ಪುರುಡು ಕಳೆಯುವುದನ್ನು ಮನೆಯ ನಾಲ್ಕು ಜನ ಸೇರಿ ಮಾಡಿಕೊಳ್ಳಿ, ಹೆಸರೂ ಅಂದೇ ಇಡಿ. ಕಲ್ಯಾಣ ಮಂಟಪದ ತೊಟ್ಟಿಲು ಶಾಸ್ತ್ರ, ಊರಿಗೆಲ್ಲ ಹೋಳಿಗೆ ಊಟ, ಅದನ್ನು ಎರಡು ಲಸಿಕೆಯಾದರೂ ಮುಗಿಸಿ ಮೂರನೇ ತಿಂಗಳಿಗೆ ಇಟ್ಟುಕೊಳ್ಳಬಹುದು. ಅಲ್ಲೂ ಮಗು ತೊಟ್ಟಿಲಲ್ಲೇ ಇರಲಿ, ಕೈಯಿಂದ ಕೈಗೆ ದಾಟಿಸುವುದು ಬೇಡ.