ಹೊರಡುವ ಹಕ್ಕಿಗಳ ತಾರೀಖನ್ನೂ ಬರೆದಿಡೋಣ

ನಮ್ಮ ಮನೆಯ ತಾರಸಿಗೆ ದಿನಾ ಬೆಳಿಗ್ಗೆ ಒಂದು ಬೂದು ಸಿಪಿಲೆ ಬರುತ್ತದೆ. ಚಳಿಗಾಲ ಕಳೆಯಲು ವಲಸೆ ಬರುವ ಪುಟ್ಟ ಹಕ್ಕಿ. ಬೂದು ಬೆನ್ನು, ಹಳದಿ ಹೊಟ್ಟೆ. ಬಾಲವಂತೂ ಒಂದು ಗಳಿಗೆ ಸುಮ್ನೆ ಇರುವುದಿಲ್ಲ. ಸೆಪ್ಟೆಂಬರಿನಲ್ಲಿ ಮೊದಲ ಸಲ ಕಂಡಾಗ ಫೋಟೊ ತೆಗೆದು ಎಲ್ಲರಿಗೂ ಕಳಿಸಿದ್ದೆ. ಹೋದ ವರ್ಷ ಅದು ಹೊರಟಿದ್ದು ಯಾವತ್ತು? ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಅಂತ ಹೋಗುತ್ತದೆ. ಅದರ ಹಿಂದೆಯೇ ಹಕ್ಕಿ ನೋಡುವ ನಾವೂ ಬೈನಾಕ್ಯುಲರ್ ಎತ್ತಿಟ್ಟುಬಿಡುತ್ತೇವೆ. ಫೆಬ್ರವರಿಯ ನಾಲ್ಕು ದಿನದ ಹಕ್ಕಿ ಎಣಿಕೆ ಮುಗಿದರೆ ಸೀಸನ್ನೇ ಮುಗಿದ ಹಾಗೆ. ಇದು ತಪ್ಪು ಅಂತ ನನಗೆ ಬಲವಾಗಿ ಅನಿಸುತ್ತಿದೆ.

ಹೋದ ವರ್ಷ ಮಾರ್ಚಿನಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗಿದ್ದೆ. ಪಟ್ಟೆತಲೆ ಹೆಬ್ಬಾತುಗಳನ್ನು ಇನ್ನೊಮ್ಮೆ ನೋಡುವ ಆಸೆ. ಜನವರಿಯಲ್ಲಿ ನೂರಾರು ಇದ್ದವು. ರಾತ್ರಿ ಗದ್ದೆಗಳಲ್ಲಿ ಮೇದು, ಹಗಲು ನೀರಿನಲ್ಲಿ ತೂಕಡಿಸುತ್ತಿದ್ದವು. ಈಗ ಕೆರೆ ಖಾಲಿ. ಕುರಿ ಮೇಯಿಸುತ್ತಿದ್ದ ಅಜ್ಜ ಹೇಳಿದರು: "ಹಬ್ಬ ಆಗಿ ಎರಡನೇ ದಿನ ಎದ್ದೋದ್ವು ಕಣಪ್ಪ." ಹಿಮಾಲಯ ದಾಟಿ, ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಲು ಹೋಗುವ ಹಕ್ಕಿ ಅದು. ಹೊರಟ ದಿನ ಆ ಅಜ್ಜನಿಗೆ ಗೊತ್ತಿತ್ತು, ಹಕ್ಕಿಗಳ ಪಟ್ಟಿ ಬರೆಯುವ ನನಗೆ ಗೊತ್ತಿರಲಿಲ್ಲ.

ಬಂದ ದಿನ ಬರೆಯುವುದು ಸುಲಭ. ಕಂಡ ಕೂಡಲೇ ಗೊತ್ತಾಗುತ್ತದೆ. ಹೋದ ದಿನ ಹಾಗಲ್ಲ. ಇವತ್ತು ನೋಡಿದ್ದೇ ಕೊನೆಯದು ಅಂತ ತಿಳಿಯಲು ಇನ್ನೂ ಹತ್ತು ದಿನ ಕಾಯಬೇಕು. ಹಾಗಾಗಿ ದಿನಾ ಬರೆಯದೆ ಬೇರೆ ದಾರಿಯಿಲ್ಲ. ಬೇಸಿಗೆ ಬೇಗ ಬಂದ ವರ್ಷ ಇವು ಬೇಗ ಹೊರಡುತ್ತವೆಯಾ? ನಮ್ಮ ಬೀದಿಯ ಮಟ್ಟಿಗೆ ಅದನ್ನು ನಾವಲ್ಲದೆ ಇನ್ಯಾರು ಬರೆದಿಡುತ್ತಾರೆ?

ಕಾಯುವುದರಲ್ಲಿ ಖುಷಿಯೂ ಜಾಸ್ತಿ. ಎಲೆ ಉದುರಿದ ಬೂರುಗದ ತುಂಬ ಕೆಂಪು ಹೂವು, ಅದರಲ್ಲಿ ಮೈನಾ, ಕಾಜಾಣ, ಸೂರಕ್ಕಿಗಳ ಜಾತ್ರೆ. ಚೆಂಬುಕುಟಿಗ ಟಕ್ ಟಕ್ ಅಂತ ಶುರು ಮಾಡಿದೆ, ಕೋಗಿಲೆಗೂ ಗಂಟಲು ಬಂದಿದೆ. ಚಳಿಗಾಲವಿಡೀ ಬೇಲಿಯೊಳಗೆ ಬರೀ ‘ಚಕ್ ಚಕ್’ ಅನ್ನುತ್ತಿದ್ದ ಪುಟ್ಟ ಉಲಿಯಕ್ಕಿಯೊಂದು ಊರು ಬಿಡುವ ಮುಂಚೆ ಮೆಲ್ಲಗೆ ಹಾಡಲು ತೊಡಗುತ್ತದೆ. ಮಾರ್ಚಿನಲ್ಲಿ ಬೇಲಿ ಹತ್ತಿರ ನಿಂತವರಿಗೆ ಮಾತ್ರ ಅದು ಕೇಳುವುದು.

ಈ ಸಲ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಸಿಪಿಲೆಗೂ ದಿನಾ ಒಂದು ಗುರುತು ಹಾಕುತ್ತಿದ್ದೇನೆ. ಇವತ್ತೂ ಹಾಕಿದೆ. ನಿಮ್ಮ ತಾರಸಿಯದು ಇನ್ನೂ ಇದೆಯಾ?