ಓಂ ಪುರಿಯ ಊರಿನಲ್ಲೊಂದು ಒಗ್ಗರಣೆ

ಓಂ ಪುರಿ ಇಲ್ಲದಿದ್ದರೆ ನಾವು ಸ್ಯಾಂತ್-ಆಂತೊನ್ಯಾಂ-ನೋಬ್ಲ್-ವಾಲ್‌ಗೆ ಹೋಗುವ ಪ್ರಮೇಯವೇ ಇರಲಿಲ್ಲ. ಮುಂಬೈ ಬಿಟ್ಟ ಕುಟುಂಬವೊಂದು ಫ್ರಾನ್ಸಿನ ಹಳ್ಳಿಗಾಡು ಸೇರಿ, ಅಲ್ಲಿನ ಭಾರೀ ಹೆಸರಿನ ಹೋಟೆಲಿನ ಎದುರಿಗೇ ತನ್ನದೊಂದು ಹೋಟೆಲು ತೆರೆಯುವ ಇಂಗ್ಲಿಷ್ ಚಿತ್ರವೊಂದು 2014ರಲ್ಲಿ ಬಂದಿತ್ತು. ಅದರಲ್ಲಿ ಅಪ್ಪನ ಪಾತ್ರ ಓಂ ಪುರಿಯವರದು. ಚಿತ್ರದ ಊರು ಇದು. ನನ್ನ ಹೆಂಡತಿ ಅದನ್ನು ಟಿವಿಯಲ್ಲಿ ನೋಡಿದ್ದಳು. ಟುಲೂಸಿನಲ್ಲಿ ವಿಮಾನದ ರೆಕ್ಕೆಗಳ ಲೆಕ್ಕ ಹಾಕುವ ತನ್ನ ಅಕ್ಕನ ಮಗನ ಮನೆಗೆ ಬಂದಿಳಿದದ್ದೇ ತಡ, "ಐಫೆಲ್ ಗೋಪುರ ಹಾಗಿರಲಿ, ಮೊದಲು ಆ ಊರು" ಎಂದು ಹಟ ಹಿಡಿದಳು. ಸಿನಿಮಾದಲ್ಲಿ ಹೋಟೆಲು ಇತ್ತು, ಆದ್ದರಿಂದ ಊರಿನಲ್ಲೂ ಇರುತ್ತದೆ, ಅಲ್ಲಿ ಬಿಸಿ ಅನ್ನ ಸಿಗುತ್ತದೆ ಎಂಬುದು ಅವಳ ತರ್ಕ. ಸಿನಿಮಾದ ಹೋಟೆಲು ಸಿನಿಮಾದ ಜೊತೆಗೇ ಮುಗಿದಿರುತ್ತದೆ ಎಂದು ನಾನು ಹೇಳಿದೆ. ನನ್ನ ಮಾತಿಗೆ ನಮ್ಮ ಮನೆಯಲ್ಲಿ ಇರುವ ಬೆಲೆ ಯೂರೋದಲ್ಲಿ ಎಷ್ಟಾಗುತ್ತದೋ ತಿಳಿಯದು.

ಆಗಸ್ಟ್ ತಿಂಗಳ ಶನಿವಾರ ಸಂಜೆ ಹುಡುಗ ನಮ್ಮನ್ನು ಕಾರಿನಲ್ಲಿ ತಂದು ಬಿಟ್ಟು, "ಸೋಮವಾರ ಬಂದು ಕರೆದುಕೊಂಡು ಹೋಗುತ್ತೇನೆ ಚಿಕ್ಕಪ್ಪ" ಎಂದು ಹೊರಟುಹೋದ. ಅವೆರೋನ್ ನದಿಗೆ ಬೊನೆತ್ ಎಂಬ ಪುಟ್ಟ ಹೊಳೆ ಬಂದು ಸೇರುವ ಜಾಗ ಅದು. ಆಚೆ ದಡದಲ್ಲಿ ರೋಕ್ ದಾಂಗ್ಲಾರ್ ಎಂಬ ಸುಣ್ಣಕಲ್ಲಿನ ಬಂಡೆ ನೆಟ್ಟಗೆ ಎದ್ದು ನಿಂತಿದೆ. ಈಚೆ, ಒಂದು ಕಾಲಕ್ಕೆ ಚರ್ಮ ಹದಮಾಡುವವರೂ ಬಟ್ಟೆ ವ್ಯಾಪಾರಿಗಳೂ ತುಂಬಿದ್ದ ಕಲ್ಲಿನ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡಿವೆ. ಸಂತ ಆಂತೊನ್ಯಾಂನ ತಲೆ ಕಡಿದು ದೂರದ ಬೇರೊಂದು ನದಿಗೆ ಎಸೆದಾಗ, ಅವನ ಅವಶೇಷಗಳಿದ್ದ ದೋಣಿ ಬಿಳಿ ಹದ್ದುಗಳ ಕಾವಲಿನಲ್ಲಿ ತಾನಾಗಿಯೇ ತೇಲುತ್ತ ಇಲ್ಲಿಗೆ ಬಂತು ಎಂಬುದು ಐತಿಹ್ಯ. ಭೂಪಟ ನೋಡಿದರೆ ಕೊನೆಯ ಘಟ್ಟದಲ್ಲಿ ಆ ದೋಣಿ ಪ್ರವಾಹದ ಎದುರಿಗೆ ಸಾಗಿರಬೇಕು. ನಂಬಬಹುದು. ಇಪ್ಪತ್ತಮೂರು ಕಿಲೋದ ಸೂಟ್‌ಕೇಸನ್ನು ಉರುಟು ಕಲ್ಲು ಹಾಸಿದ ಏರುಗಲ್ಲಿಯಲ್ಲಿ ನೂಕಿ, ಒಬ್ಬರು ಮಾತ್ರ ಹಿಡಿಸುವ ಸುರುಳಿ ಮೆಟ್ಟಿಲಿನಲ್ಲಿ ಹತ್ತಿಸಿದ ನನಗೆ ಪವಾಡಗಳ ಬಗ್ಗೆ ಈಗ ತಕರಾರಿಲ್ಲ. ಆ ತೂಕದಲ್ಲಿ ಅರ್ಧ ಸೋನಾ ಮಸೂರಿ, ಚಟ್ನಿಪುಡಿ, ಇಂಗು, ಒಣಮೆಣಸಿನಕಾಯಿ. ಆದರೆ "ನಾನು ರಜೆಗೆ ಬಂದಿದ್ದೇನೆ, ಇಲ್ಲಿ ಒಲೆ ಹಚ್ಚುವುದಿಲ್ಲ" ಎಂದು ಹೆಂಡತಿ ಮೊದಲೇ ಘೋಷಿಸಿದ್ದಳು. ಮತ್ತೇಕೆ ತಂದೆ ಎಂದು ಕೇಳುವ ಧೈರ್ಯ ಯಾವ ಗಂಡನಿಗಿದೆ?

ರಾತ್ರಿ ನದಿಯ ಬಳಿಯ ಹೋಟೆಲಿಗೆ ಹೋದೆವು. ನಾವು ಮಾಂಸ ತಿನ್ನುವುದಿಲ್ಲ ಎಂದು ಮೊಬೈಲಿನಲ್ಲಿ ಫ್ರೆಂಚಿಗೆ ತಿರುಗಿಸಿ ತೋರಿಸಿದೆ. ಬಡಿಸುವ ಹುಡುಗಿ ಓದಿ, ಯಾವುದೋ ಕಾಯಿಲೆಯ ವಿಷಯ ಕೇಳಿದವಳ ಹಾಗೆ ಮರುಕದಿಂದ ತಲೆಯಾಡಿಸಿದಳು. ಬಂದದ್ದು ದೊಡ್ಡ ತಟ್ಟೆಯ ತುಂಬ ಸೊಪ್ಪು, ಅಕ್ರೋಟು, ಮೇಲೆ ಬೆಚ್ಚಗಿನ ಕಂದು ಹೋಳುಗಳು. ಅಣಬೆ ಎಂದುಕೊಂಡು ಹೆಂಡತಿ ಫೋರ್ಕು ಎತ್ತಿದ್ದಳು. ಯಾವುದಕ್ಕೂ ಇರಲಿ ಎಂದು ನಾನು ಹುಡುಗಿಯನ್ನು ಕೇಳಿದೆ. ಬಾತುಕೋಳಿಯ ಜಠರವಂತೆ. ಮಾಂಸ ಬೇಡ ಎಂದಿದ್ದೆವಲ್ಲ ಎಂದರೆ, ಮಾಂಸವೆಲ್ಲಿದೆ, ಇದು ಬರೀ ಜಠರ ಎಂದಳು. ಆ ಸೀಮೆಯಲ್ಲಿ ಬಾತುಕೋಳಿ ತರಕಾರಿಯ ಲೆಕ್ಕದಲ್ಲೇ ಬರುತ್ತದೆ. ಆಲೂಗಡ್ಡೆಯಾದರೂ ಕೊಡಿ ಎಂದೆವು. ಅದನ್ನು ಹುರಿಯುವುದೂ ಬಾತುಕೋಳಿಯ ಕೊಬ್ಬಿನಲ್ಲಿ. ಕೊನೆಗೆ ಬ್ರೆಡ್ಡನ್ನು ನೀರಿನ ಜೊತೆ ತಿಂದು ಎದ್ದೆವು. ಬ್ರೆಡ್ಡಿಗೂ ಹೂಜಿಯ ನೀರಿಗೂ ಅಲ್ಲಿ ದುಡ್ಡು ಕೇಳುವುದಿಲ್ಲ ಎಂಬುದೊಂದೇ ಸಮಾಧಾನ.

ಭಾನುವಾರ ಬೆಳಿಗ್ಗೆ ಸಂತೆ. ಇದಕ್ಕೆ ಮಾತ್ರ ಎರಡು ಮಾತಿಲ್ಲ, ನೋಡಲೇಬೇಕಾದದ್ದು. ಗಲ್ಲಿ ಗಲ್ಲಿಗೂ ಅಂಗಡಿ: ಲೋತ್ರೆಕ್ ಊರಿನ ನಸುಗೆಂಪು ಬೆಳ್ಳುಳ್ಳಿಯ ಜಡೆಗಳು, ಅಂಗೈಯಗಲದ ಆಡಿನ ಹಾಲಿನ ಚೀಸ್, ಆಲಿವ್, ಜೇನು. ಹೆಂಡತಿಯ ಮುಖ ಅರಳಿತು, ಕೈ ಚುರುಕಾಯಿತು. ಹುರುಳಿಕಾಯಿಯ ರಾಶಿಯಿಂದ ಒಂದನ್ನೆತ್ತಿ ಮಲ್ಲೇಶ್ವರದ ಅಭ್ಯಾಸದಂತೆ ಪಟ್ಟೆಂದು ಮುರಿದಳು. ಅಂಗಡಿಯಾಕೆ ಬೆಚ್ಚಿಬಿದ್ದಳು. ಅಲ್ಲಿ ತರಕಾರಿಯನ್ನು ಗಿರಾಕಿ ಮುಟ್ಟುವಂತಿಲ್ಲ, ಅಂಗಡಿಯವರೇ ಆರಿಸಿ ಕೊಡಬೇಕು. ಅದಕ್ಕೂ ಮೊದಲು ಗಿರಾಕಿ "ಬೋಂಜೂರ್" ಎಂದು ನಮಸ್ಕಾರ ಹೇಳಿರಬೇಕು. ನಮ್ಮವಳು ಬೋಂಜೂರ್ ಹೇಳಿರಲಿಲ್ಲ, ಮುಟ್ಟಿದ್ದಳು, ಮುರಿದೂ ಇದ್ದಳು. ಪ್ರಾಯಶ್ಚಿತ್ತವಾಗಿ ನಾನು ಒಂದು ಕಿಲೋ ಕೊಂಡೆ. ಪಕ್ಕದ ಕರಬೂಜದವನು ಮಾತ್ರ ರಸಿಕ. ಹಣ್ಣು ಕೇಳಿದರೆ, "ಯಾವಾಗ ತಿನ್ನುತ್ತೀರಿ? ಮಧ್ಯಾಹ್ನಕ್ಕೋ, ರಾತ್ರಿಗೋ?" ಎಂದು ವಿಚಾರಿಸಿದ. ಮಧ್ಯಾಹ್ನಕ್ಕೆ ಎಂದಾಗ ನಾಲ್ಕಾರು ಹಣ್ಣುಗಳ ತೊಟ್ಟು ಮೂಸಿ, ಒತ್ತಿ ನೋಡಿ ಒಂದನ್ನು ಕೊಟ್ಟ. ಹಣ್ಣು ಪಕ್ವವಾಗುವ ಗಳಿಗೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳುವವರು ನಮ್ಮಲ್ಲಿ ಮದುವೆಯ ಮುಹೂರ್ತ ಇಡುವುದಕ್ಕೆ ಬೇಕಾಗಿದ್ದಾರೆ.

ಚೀಸಿನ ಅಂಗಡಿಯ ಅಜ್ಜನಿಗೆ ನಾವು ಭಾರತದವರೆಂದು ತಿಳಿದದ್ದೇ, ಸಿನಿಮಾ ತೆಗೆದ ಜಾಗವನ್ನೆಲ್ಲ ಕೈ ಮಾಡಿ ತೋರಿಸಿದ. ಹೋಟೆಲು ಎಲ್ಲಿ ಎಂದು ಹೆಂಡತಿ ಕೇಳಿದಳು. ಅವನು ನಕ್ಕು, ನಮ್ಮಿಬ್ಬರ ಕಡೆಗೇ ಬೆರಳು ತೋರಿಸಿದ. ನೀವೇ ತೆರೆಯಿರಿ ಎಂದಿರಬೇಕು.

ತರಕಾರಿ ಮನೆಯಲ್ಲಿಟ್ಟು ಹೊರಟವರು ರೋಮನೆಸ್ಕ್ ಶೈಲಿಯ ಹಳೆಯ ಮನೆಯ ಮುಂದೆ ನಿಂತೆವು. ಹನ್ನೆರಡನೇ ಶತಮಾನದ ಕಟ್ಟಡ. ದೇವಾಲಯವೂ ಅಲ್ಲದ, ಕೋಟೆಯೂ ಅಲ್ಲದ ಕಟ್ಟಡಗಳಲ್ಲಿ ಫ್ರಾನ್ಸಿಗೇ ಅತಿ ಹಳೆಯವುಗಳ ಸಾಲಿಗೆ ಸೇರಿದ್ದು. ಪಕ್ಕದ ಎತ್ತರದ ಗೋಪುರ ಮಾತ್ರ ಹತ್ತೊಂಬತ್ತನೇ ಶತಮಾನದ್ದು. ಪ್ಯಾರಿಸಿನ ನೋತ್ರ್ ದಾಮ್ ದುರಸ್ತಿ ಮಾಡಿದ ವಿಯೊಲೆ-ಲ-ದ್ಯುಕ್ ಇಲ್ಲಿಗೂ ಕೈ ಹಾಕಿ ಅದನ್ನು ಸೇರಿಸಿದ. ನನಗೆ ಗೋಪುರ ಹಿಡಿಸಲಿಲ್ಲ. ಮಾಳಿಗೆಯ ಕಂಬದಲ್ಲಿ ಆದಾಮ, ಈವ, ಹಾವು, ಮರ ಎಲ್ಲ ಕೆತ್ತಿದ್ದಾರೆ. ಅದರ ಚೆಲುವನ್ನು ನಾನು ವಿವರಿಸುತ್ತ ನಿಂತದ್ದರಿಂದ ಹೊಟೇಲು ಮುಟ್ಟುವಾಗ ಎರಡು ಗಂಟೆ ದಾಟಿ ಐದು ನಿಮಿಷವಾಗಿತ್ತು ಎಂಬುದು ಹೆಂಡತಿಯ ಆರೋಪ. ಅಡುಗೆಮನೆ ಮುಚ್ಚಿತ್ತು. ಇನ್ನು ಏಳು ಗಂಟೆಗೆ. ಕುಳಿತವರು ಇನ್ನೂ ಕಡಿಯುತ್ತಲೇ ಇದ್ದರು, ಒಳಗೆ ಪಾತ್ರೆಗಳ ಸದ್ದಿತ್ತು, ಆದರೆ ಎರಡು ಗಂಟೆ ಎಂದರೆ ಎರಡು ಗಂಟೆ. ಇನ್ನೊಂದು ಹೋಟೆಲಿನಲ್ಲೂ ಅದೇ ಉತ್ತರ, ಅದೇ ಸೌಜನ್ಯ. ಬೇಕರಿ ಬೆಳಗಿನ ವ್ಯಾಪಾರ ಮುಗಿಸಿ ಬಾಗಿಲು ಹಾಕಿತ್ತು. ಸಂತೆ ಕರಗಿಹೋಗಿ ಬೀದಿಗೆ ನೀರು ಹಾಕುತ್ತಿದ್ದರು. ಆ ಊರಿನಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ತಿಂದವರೆಂದರೆ ಕಂಬದ ಮೇಲಿನ ಆ ಇಬ್ಬರೇ ಇರಬೇಕು. ಅವರಿಗೇನಾಯಿತು ಎಂಬುದು ಎಲ್ಲರಿಗೂ ಗೊತ್ತು.

"ನಡೆಯಿರಿ ಮನೆಗೆ" ಎಂದಳು ಹೆಂಡತಿ. ರಜೆ ರದ್ದಾಯಿತು. ಕುಕ್ಕರಿಲ್ಲದೆ ಅನ್ನಕ್ಕಿಟ್ಟು, ಪ್ರಾಯಶ್ಚಿತ್ತದ ಹುರುಳಿಕಾಯಿ ಹೆಚ್ಚಿ, ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಕೈಗೆ ಸಿಕ್ಕಷ್ಟು ಮೆಣಸಿನಕಾಯಿ ಹಾಕಿದಳು. ಬ್ಯಾಡಗಿ ಎಂದು ತಂದದ್ದು ಗುಂಟೂರಿನದಾಗಿತ್ತು. ಫ್ರಾನ್ಸಿನಲ್ಲಿ 2015ರಿಂದ ಪ್ರತಿ ಮನೆಯಲ್ಲೂ ಹೊಗೆ ಸೂಚಕ ಇರಲೇಬೇಕೆಂಬ ಕಾನೂನಿದೆ. ಕಾನೂನು ಎಷ್ಟು ಚೆನ್ನಾಗಿ ಪಾಲನೆಯಾಗುತ್ತಿದೆ ಎಂಬುದು ಅರೆ ನಿಮಿಷದಲ್ಲಿ ಇಡೀ ಗಲ್ಲಿಗೆ ಕೇಳಿಸಿತು. ಸೂಚಕವೋ ತೊಲೆಯ ಮೇಲೆ, ಕೈಗೆ ಎಟುಕದು. ನಾನು ಕುರ್ಚಿಯ ಮೇಲೆ ನಿಂತು ಅದಕ್ಕೆ ಟವೆಲಿನಿಂದ ಗಾಳಿ ಹಾಕುತ್ತಿದ್ದರೆ, ಹೆಂಡತಿ ಕಿಟಕಿಗಳನ್ನು ತೆರೆದಳು. ಘಾಟು ಕೆಳಗಿಳಿದು ಬೀದಿ ಹಿಡಿಯಿತು. ಭಾನುವಾರದ ನಿದ್ದೆಯಲ್ಲಿದ್ದ ಊರು ಕೆಮ್ಮುತ್ತ ಎದ್ದಿತು.

ಬಾಗಿಲಲ್ಲಿ ಆರೇಳು ಜನ ಸೇರಿದರು. ಒಬ್ಬರ ಕೈಯಲ್ಲಿ ಬೆಂಕಿ ನಂದಿಸುವ ಕೆಂಪು ಸಿಲಿಂಡರ್. ಹೆಂಡತಿ ಈ ಸಲ ಮರೆಯದೆ ಎಲ್ಲರಿಗೂ ಬೋಂಜೂರ್ ಹೇಳಿದಳು. ಬಾಣಲೆ, ಸೌಟು, ನಮ್ಮ ಮುಖ ಇಷ್ಟನ್ನೂ ನೋಡಿದ ಮೇಲೆ ಅವರ ಗಾಬರಿ ಇಳಿದು, "ಆ, ಸಿನಿಮಾ!" ಎಂಬ ಉದ್ಗಾರ ಹೊರಟಿತು. ಒಬ್ಬಾತ ಟೇಬಲ್ ಖಾಲಿ ಇದೆಯೇ ಎಂದು ಕೇಳಿದ. ಪಕ್ಕದ ಮನೆಯ ಮುದುಕ ದಂಪತಿ ಮಾತ್ರ ನಿಜವಾಗಿಯೂ ಕುಳಿತರು. ಅಜ್ಜಿ ಪಲ್ಯ ತಿಂದು ಕಣ್ಣೀರು ಒರೆಸಿಕೊಂಡು ಮತ್ತೆ ಬಡಿಸಿಕೊಂಡರು. ಅಜ್ಜ ಆಡಿನ ಚೀಸಿನ ಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದದ್ದಲ್ಲದೆ ಹೋಗುವಾಗ ಪೊಟ್ಟಣವನ್ನೂ ಕೇಳಿ ಪಡೆದರು. ಅದಕ್ಕೆ ಪ್ರತಿಯಾಗಿ ಮರುದಿನ, ತಮ್ಮ ಮನೆಯಲ್ಲೇ ಮಾಡಿದ್ದೆಂದು ಹೆಮ್ಮೆಯಿಂದ ಒಂದು ದೊಡ್ಡ ಗಾಜಿನ ಭರಣಿ ತಂದುಕೊಟ್ಟರು. ಒಳಗೆ ಬಾತುಕೋಳಿಯ ತೊಡೆ, ಅದರದೇ ಕೊಬ್ಬಿನಲ್ಲಿ ಮುಳುಗಿ ಕುಳಿತಿತ್ತು.

ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ? ಸಂಜೆ ಕಾರಿನಲ್ಲಿ ಅದನ್ನು ತನ್ನ ಕಾಲಿನಿಂದ ಆದಷ್ಟು ದೂರ ಇಟ್ಟುಕೊಂಡೇ ಹೆಂಡತಿ ಟುಲೂಸಿಗೆ ಬಂದಳು. ಎಸೆಯಲು ಹೊರಟವಳನ್ನು ಅಕ್ಕನ ಮಗ ತಡೆದ. "ಅನ್ನ ಎಸೆಯಬಾರದು ಎಂದು ನೀವೇ ಹೇಳುತ್ತಿದ್ದಿರಲ್ಲ ಚಿಕ್ಕಮ್ಮ. ನಾಳೆ ಆಫೀಸಿನಲ್ಲಿ ಯಾರಿಗಾದರೂ ಕೊಡುತ್ತೇನೆ" ಎಂದ. ಒಳ್ಳೆಯ ಹುಡುಗ.

ಮರುದಿನ ಸಂಜೆ ನೋಡಿದರೆ ಭರಣಿ ತೊಳೆದು ಸಿಂಕಿನ ಪಕ್ಕ ಬೋರಲು ಹಾಕಿತ್ತು.

"ಆಫೀಸಿನವರಿಗೆ ಹಿಡಿಸಿತೇನಪ್ಪ?" ಎಂದು ಹೆಂಡತಿ ಕೇಳಿದಳು.

"ತುಂಬಾ ಹಿಡಿಸಿತಂತೆ ಚಿಕ್ಕಮ್ಮ. ಇನ್ನೊಂದು ಸಿಗುತ್ತದೆಯೇ ಎಂದು ಕೇಳಿದರು."

ಅಂದು ಆಗಸ್ಟ್ 15. ನಮಗೆ ಸ್ವಾತಂತ್ರ್ಯ ದಿನ, ಅವರಿಗೆ ಮೇರಿ ಮಾತೆಯ ಹಬ್ಬ. ಇಡೀ ಫ್ರಾನ್ಸಿನ ಆಫೀಸುಗಳಿಗೆ ರಜೆ.